ರೇವಮ್ಮನ ಮುಯ್ಯಾಳುಗಳು

ಪಕ್ಕದ ಮನೆಯ ಮಂಜುಳಮ್ಮ ರೇವಮ್ಮನ ಹೆಣದ ಎದೆಯ ಮೇಲಿದ್ದ ಹಾರವನ್ನು ಎರಡೂ ಕೈಯಲ್ಲಿ ಹಿಡಿದು ಎಳೆದೇಬಿಟ್ಟಳು.

ಅಂಗಳದಲ್ಲಿದ್ದವರೆಲ್ಲ ಹೌಹಾರಿದರು. ಸಾವಿನ ಮನೆಯಲ್ಲಿ ಹೆಣದ ಮೇಲಿನ ಹಾರಕ್ಕೆ ಕೈ ಹಾಕುವುದೆಂದರೆ ಸಾಮಾನ್ಯವೇ? ಅದೂ ಮಗ ಕಾಂತೇಶ ತುಮಕೂರಿನ ಶಿರಾ ಗೇಟಿನ ಹೂವಿನಂಗಡಿಗೆ ಫೋನು ಮಾಡಿ ಕಟ್ಟಿಸಿ, ಪೇಪರು ಸುತ್ತಿದ್ದನ್ನು ಹಾಗೆಯೇ ಕಾರಿನಲ್ಲಿಟ್ಟುಕೊಂಡು ಕಡಬದವರೆಗೆ ತಂದು, ಈಗಷ್ಟೇ ತಾಯಿಗೆ ಹಾಕಿದ್ದ ಹಾರ. ಅಳುತ್ತಿದ್ದ ಹೆಂಗಸರು ಅಳುವುದನ್ನೇ ಮರೆತು ನೋಡಿದರು.

“ಮಂಜುಳಕ್ಕ, ತಲೆಗಿಲೆ ಕೆಟ್ಟದಾ ನಿಂಗೆ?” ಕಾಂತೇಶ ಮೈಮೇಲೆ ಬಂದವನಂತೆ ಎದ್ದ.

“ಕೆಟ್ಟಿರೋದು ನಂಗಲ್ಲ ಕಣ್ಲಾ, ಈ ಹಾರ ಕಟ್ಟಿದೋನ್ಗೆ. ಕಣ್ಬುಟ್ಟು ನೋಡು. ಈ ಬಿಳೇದು ಏನು?”

ಗುಲಾಬಿ, ಸೇವಂತಿಗೆಗಳ ನಡುವೆ ಅಂದಕ್ಕೆಂದು ತುರುಕಿದ್ದ ಸಣ್ಣ ಸಣ್ಣ ಬಿಳಿ ಹೂವಿನ ಗೊಂಚಲುಗಳು. ಅವು ಏನೆಂದು ಕಾಂತೇಶನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಪಾರ್ಥೇನಿಯಂ. ಊರವರ ಬಾಯಲ್ಲಿ ಕಾಂಗ್ರೆಸ್ ಗಿಡ. ಬೇಲಿ, ಗೋಮಾಳ, ರಾಗಿ ಹೊಲ, ತೆಂಗಿನ ಪಾತಿ ಒಂದನ್ನೂ ಬಿಡದೆ ಹಬ್ಬುವ, ಮುಟ್ಟಿದರೆ ಮೈ ತುರಿಸುವ, ಹೂವಿನ ಪುಡಿ ಮೂಗಿಗೆ ಹೋದರೆ ಉಬ್ಬಸ ಹಿಡಿಸುವ ಪೀಡೆ. ರೇವಮ್ಮ ಇಷ್ಟು ವರ್ಷ ಕಿತ್ತದ್ದು ಅದನ್ನೇ. ನಿನ್ನೆ ಸಂಜೆ ಅವಳು ಹೋದದ್ದೂ ಉಬ್ಬಸದಲ್ಲೇ.

“ಹಂಗೇ ಮಣ್ಗೆ ಹಾಕಿದ್ರೆ ಮುಂದಿನ್ ಮಳೆಗೆ ರೇವಕ್ಕನ ಎದೆ ಮ್ಯಾಲೇ ಹುಟ್ತದೆ. ಆಗ ಕೀಳಾಕೆ ಯಾರ್ ಬತ್ತಾರಪ್ಪ?” ಎಂದಳು ಮಂಜುಳಮ್ಮ.

“ಅವ್ಳೇ ಎದ್ದು ಬಂದು ಕೀಳ್ತಾಳೆ ಬುಡು” ಎಂದು ಹಿಂದಿನಿಂದ ಯಾರೋ ಅಂದರು. ಇಬ್ಬರು ಮೂವರಿಗೆ ನಗು ಬಂತು, ಸೆರಗು ಬಾಯಿಗೆ ಹಿಡಿದರು. ಕಾಂತೇಶನ ಮುಖ ಮಾತ್ರ ಸುಟ್ಟ ಹಾಗಾಯಿತು. ಹಾರವನ್ನು ಕಸಿದುಕೊಂಡು ಹೋಗಿ, ಹೆಣ ತೊಳೆಯಲು ನೀರು ಕಾಯುತ್ತಿದ್ದ ಒಲೆಗೆ ಗುಲಾಬಿ ಸಮೇತ ತುರುಕಿ ಬಂದ.

ಅಷ್ಟರಲ್ಲಿ ಹಿಪ್ಪೆಪಾಳ್ಯದವರ ಟೆಂಪೋ ಬಂತು. ಹಿಪ್ಪೆಪಾಳ್ಯ ಕಡಬದ ಕೆರೆಯ ಆಚೆ ದಡದ ಊರು. ಜನ ಕರೆದುಕೊಂಡು ಬಂದಿದ್ದ ಯಲ್ಲಯ್ಯ ರೇವಮ್ಮನ ಕಾಲು ಮುಟ್ಟಿ, ಅವಳ ಗಂಡ ಬೀರಯ್ಯನ ಪಕ್ಕ ಕುಕ್ಕರುಗಾಲಲ್ಲಿ ಕೂತ. ಗೋಡೆಗೊರಗಿದ್ದ ಬೀರಯ್ಯ ಅವನ ಕೈ ಹಿಡಿದುಕೊಂಡ. ಮಾತಾಡಿದವಳು ಮಂಜುಳಮ್ಮ.

“ಯಲ್ಲಣ್ಣ, ನಿಮ್ ಗೋಮಾಳ ಕೀಳಾಕೆ ಇವತ್ತು ನಮ್ ಸರದಿ.”

“ಗೊತ್ತು ಕಣವ್ವ. ಬುಡು ಅದ್ನ. ಸಾವಿನ್ ಮನೆಯೋರ್ ತಾವ ಮುಯ್ಯಿ ಕೇಳಕಾಯ್ತದಾ?”

“ಬುಟ್ರೆ ಇನ್ಯಾವಾಗ?”

“ತಿಥಿ ಕಳೀಲಿ.”

“ಅಷ್ಟೊತ್ಗೆ ಹೂವೆಲ್ಲ ಬೀಜ ಆಗಿ ಊರೂರ್ ಸುತ್ತಾಡ್ಕಂಡ್ ಬಂದಿರ್ತದೆ.”

ಯಲ್ಲಯ್ಯ ಹುಲ್ಲುಕಡ್ಡಿಯೊಂದನ್ನು ಮುರಿಯುತ್ತ ಕೂತ. “ಸುಳ್ ಯಾಕ್ ಹೇಳ್ಲಿ? ನಮ್ಮೂರಾಗೆ ಆಗ್ಲೇ ಮಾತಾಡ್ತಾವ್ರೆ. ಹೋದ್ ವಾರ ನಾವ್ ಬಂದು ಕಡಬದ ಕಡೇದೆಲ್ಲ ಕಿತ್ತೋ. ಈಗ ಅವ್ರು ಬರ್ದಿದ್ರೆ, ಬರೋ ವರ್ಷದಿಂದ ಅವರವ್ರದು ಅವರವ್ರಿಗೆ ಅಂತಾವ್ರೆ. ರೇವಕ್ಕ ಹೋದ್ಲು, ಇನ್ ಇದೆಲ್ಲಿ ನಡೀತದೆ ಅನ್ನೋರೂ ಅವ್ರೆ.”

“ನಡೀತದೆ. ಮಧ್ಯಾಹ್ನಕ್ಕೆ ಮಣ್ಣಾಯ್ತದೆ. ಆಮ್ಯಾಕೆ ನಾವೆಲ್ಲ ಬತ್ತೀವಿ.”

“ಯಾರೂ ಹೋಗಂಗಿಲ್ಲ” ಎಂದ ಕಾಂತೇಶ.

ಎಲ್ಲರೂ ಅವನ ಕಡೆ ತಿರುಗಿದರು.

“ನಮ್ಮವ್ವನ್ನ ತಿಂದಿದ್ದೇ ಆ ಗಿಡ. ಅವ್ಳನ್ನ ಮಣ್ ಮಾಡಿದ್ ಕೈ ಒಣಗಕ್ ಮುಂಚೆ ಅದೇ ಗಿಡದ ಹಿಂದೆ ಓಡ್ತೀರಾ? ಡಾಕ್ಟ್ರು ಬಡ್ಕಂಡ್ರು, ನಾನು ಬಡ್ಕಂಡೆ. ಅವ್ಳು ಕೇಳ್ಲಿಲ್ಲ, ನೀವು ಬುಡ್ಲಿಲ್ಲ. ಸಾಕು. ಅವ್ಳ ಜೊತೇಲೇ ಅದೂ ಮುಗೀಲಿ.”

ಊರಲ್ಲಿ ಹೆಣ ಮಣ್ಣಾಗುವ ದಿನ ಯಾರೂ ಹೊಲದ ಕಡೆ ಹೋಗುವುದಿಲ್ಲ. ಹೋಗಲೇಬೇಕೆಂದರೆ ಸತ್ತವರ ಮನೆಯವರು ಬಾಯಿಬಿಟ್ಟು ಹೋಗಿ ಅನ್ನಬೇಕು. ಅದನ್ನು ಮೀರಿ ನಡೆಯುವಷ್ಟು ಗಟ್ಟಿಗಿತ್ತಿ ಕಡಬದಲ್ಲಿ ಒಬ್ಬಳೇ ಇದ್ದದ್ದು. ಅವಳು ಈಗ ಚಾಪೆಯ ಮೇಲೆ ಮಲಗಿದ್ದಳು.

*

ಇದೆಲ್ಲ ಶುರುವಾದದ್ದು ಜಗಳದಿಂದ. ಹಿಪ್ಪೆಪಾಳ್ಯದ ಗೋಮಾಳದಿಂದಲೇ ಬೀಜ ತೂರಿ ಬರುತ್ತದೆ ಎಂದು ಕಡಬದವರು ಬೈಯುತ್ತಿದ್ದರು. ಕಡಬದವರ ಗೊಬ್ಬರದ ಗಾಡಿಯಲ್ಲೇ ಬರುತ್ತದೆ ಎಂದು ಹಿಪ್ಪೆಪಾಳ್ಯದವರು ಬೈಯುತ್ತಿದ್ದರು. ಕೃಷಿ ಇಲಾಖೆಯವರು ಗಿಡ ತಿನ್ನುವ ಹುಳು ತಂದು ಬಿಟ್ಟರು, ಹುಳು ತನಗೆ ಬೇಕಾದಷ್ಟು ತಿಂದು ಸುಮ್ಮನಾಯಿತು. ಪಂಚಾಯ್ತಿಯವರು ಮೀಟಿಂಗು ಮಾಡಿ ಕಾಫಿ ಕುಡಿದರು. ಗಿಡ ಮಾತ್ರ ಮಳೆ ಬಿದ್ದ ಕೂಡಲೇ ನೆಂಟರ ಹಾಗೆ ಬಂದು ಕೂರುತ್ತಿತ್ತು.

ಒಂದು ಬೆಳಿಗ್ಗೆ ಯಲ್ಲಯ್ಯ ಹಿತ್ತಲ ಬಾಗಿಲು ತೆಗೆದರೆ, ಯಾರೋ ಹೆಂಗಸು ಬಗ್ಗಿ ಏನನ್ನೋ ಕೀಳುತ್ತಿದ್ದಾಳೆ.

“ಯಾರಮ್ಮ ನೀನು? ನಮ್ ಹಿತ್ತಲಾಗೆ ಏನ್ ಕೆಲ್ಸ ನಿಂಗೆ?”

“ಕಡಬದ ಬೀರಯ್ಯನ ಹೆಂಡ್ರು. ನಿಮ್ ಹಿತ್ತಲ ಬೀಜ ನಮ್ ರಾಗಿ ಹೊಲಕ್ಕೆ ಹೇಳ್ದೆ ಕೇಳ್ದೆ ಬರ್ತದೆ. ನಾನೂ ಹಂಗೇ ಬಂದಿವ್ನಿ.”

“ಓಹೋ! ನಿಮ್ಮೂರ್ ಬೇಲಿ ಬಾಳ ಚೊಕ್ಕವಾಗದಾ?”

“ಇಲ್ಲ. ನೀನ್ ಬಂದು ಕೀಳು.”

ಯಲ್ಲಯ್ಯನಿಗೆ ಸಿಟ್ಟು ಬರಬೇಕಿತ್ತು, ನಗು ಬಂತು. ರೇವಮ್ಮ ನಗಲಿಲ್ಲ. “ನಮ್ ನೆಲದ ಕಳೆ ನಮ್ ಕಣ್ಗೆ ಕಾಣಾಕಿಲ್ಲ ಕಣಣ್ಣ. ನಾಳೆ ಕಿತ್ತರಾಯ್ತು ಅಂತೀವಿ. ಪಕ್ಕದೋರ್ದು ಆದ್ರೆ ಒಂದೊಂದೂ ಕಾಣ್ತದೆ. ಅದ್ಕೇ ನಿಮ್ದು ನಾವ್ ಕೀಳಾವ, ನಮ್ದು ನೀವ್ ಕೀಳಿ” ಎಂದಳು.

ನಾಟಿಗೆ, ಕೊಯ್ಲಿಗೆ ಮುಯ್ಯಾಳು ಹೋಗುವುದು ಎಲ್ಲರಿಗೂ ಗೊತ್ತಿದ್ದದ್ದೇ. ಇವತ್ತು ನಾನು ನಿನ್ನ ಹೊಲಕ್ಕೆ, ನಾಳೆ ನೀನು ನನ್ನ ಹೊಲಕ್ಕೆ. ಕಳೆಗೆ ಮುಯ್ಯಾಳು ಎಂದು ಯಾರೂ ಕೇಳಿರಲಿಲ್ಲ. ಆದರೂ ಮಳೆಗಾಲದಲ್ಲಿ ಹೂ ಕಟ್ಟುವ ಮೊದಲು ಒಂದು ವಾರ ಅವರು ಇತ್ತ, ಮುಂದಿನ ವಾರ ಇವರು ಅತ್ತ ಎಂದು ನಡೆದುಕೊಂಡು ಬಂತು. ತನ್ನ ನೆಲದ ಗಿಡವನ್ನು ತಾನೇ ಮುಟ್ಟುವಂತಿಲ್ಲ, ಪಕ್ಕದವರು ಕೀಳುವಾಗ ನಿಂತು ನೋಡಬೇಕು ಎನ್ನುವುದೂ ಅವಳದೇ ಕಟ್ಟಳೆ. ನಾಚಿಕೆಯಾದರೂ ಆಗಲಿ ಅನ್ನುತ್ತಿದ್ದಳು.

*

ಬರಿಗೈಯಲ್ಲಿ ಕಿತ್ತೂ ಕಿತ್ತೂ ಮೊದಲು ರೇವಮ್ಮನ ಕೈ ಒಡೆಯಿತು, ಆಮೇಲೆ ಎದೆ ಕಟ್ಟಿತು. ಕಾಂತೇಶ ಅವಳನ್ನು ತುಮಕೂರಿಗೆ, ಶೆಟ್ಟಿಹಳ್ಳಿಯ ತನ್ನ ಮನೆಗೆ ಕರೆದುಕೊಂಡು ಹೋಗಿ ಇಟ್ಟುಕೊಂಡ. ಒಂದು ದಿನ ತನ್ನ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿಯಿಂದ ಮಧ್ಯಾಹ್ನ ಊಟಕ್ಕೆ ಬಂದಾಗ ನೋಡಿದರೆ, ಪಕ್ಕದ ಖಾಲಿ ಸೈಟಿನಲ್ಲಿ ಕಳೆಯ ನಡುವೆ ಅವ್ವನ ತಲೆ!

“ಸಾಯ್ಬೇಕು ಅಂತ ಇದೀಯೇನವ್ವ?” ಎಂದು ಬೀದಿಯಲ್ಲೇ ಕೂಗಾಡಿದ. ಕೈ ಹಿಡಿದು ಒಳಗೆ ಕರೆತಂದು, ಸೋಪು ಹಚ್ಚಿ ಮೊಣಕೈವರೆಗೆ ತಾನೇ ತೊಳೆದ. ಮಾರನೆಯ ದಿನದಿಂದ ಗೇಟಿಗೆ ಬೀಗ.

ಬೀಗ ಬಿದ್ದ ಮೊದಲ ದಿನವೇ ಸಂಜೆ ಹೆಂಡತಿ ಯಶಸ್ವಿನಿ ವರದಿ ಒಪ್ಪಿಸಿದಳು. “ಬೀಗ ಹಾಕಿ ಏನ್ ಬಂತು? ಗೇಟಿನ ಒಳಗೇ ನಿಂತು ಆ ಸೈಟ್ ಓನರನ್ನ ಕೂಗಿ ಕರೆದ್ರು. ಪಾಪ, ಆಯಪ್ಪ ಪ್ಯಾಂಟ್ ಮಡಿಸ್ಕೊಂಡು ಎದುರುಗಡೆ ಮನೆಯೋರ್ ಕಾಂಪೌಂಡಲ್ಲಿ ಕೀಳ್ತಿದ್ರು, ಎದುರುಗಡೆಯೋರು ಆಯಪ್ಪನ ಸೈಟಲ್ಲಿ.”

ರೇವಮ್ಮ ಹೊದ್ದು ಮಲಗಿದಲ್ಲಿಂದಲೇ, “ಒಂದ್ಸಲ ನೀನೂ ಬಾರ್ಲಾ ಮಗ, ಹಿಪ್ಪೆಪಾಳ್ಯಕ್ಕೆ. ಒಂದೇ ಒಂದ್ಸಲ” ಎಂದಳು.

“ನಾನ್ ಬರಲ್ಲ. ಆ ಗಿಡದ ಮೇಲೆ ಇರೋ ಪ್ರೀತಿ ನಮ್ ಮೇಲಿಲ್ಲ ನಿಂಗೆ” ಎಂದುಬಿಟ್ಟ. ಅವಳು ಆಮೇಲೆ ಕರೆಯಲಿಲ್ಲ. ಮಳೆ ಬಿತ್ತೆಂದು ಗೊತ್ತಾದ ದಿನ ಮಾತ್ರ ಹಟ ಹಿಡಿದು ಕಡಬಕ್ಕೆ ಹೊರಟುಬಂದಳು.

*

ಮಣ್ಣು ಮಾಡಿದ್ದು ಅವರದೇ ತೆಂಗಿನ ತೋಟದ ಮೂಲೆಯಲ್ಲಿ. ಮಡಕೆ ಹೊತ್ತು ಮೂರು ಸುತ್ತು ಬಂದ ಕಾಂತೇಶ ಒದ್ದೆ ಪಂಚೆಯಲ್ಲಿ ನಿಂತಿದ್ದ. ಎಲ್ಲರೂ ಹಿಡಿ ಹಿಡಿ ಮಣ್ಣು ಹಾಕಿದರು. ಗುಡ್ಡೆ ಏರಿತು. ಆಗ ಅವನ ಕಣ್ಣಿಗೆ ಸುತ್ತಲಿನ ನೆಲ ಬಿತ್ತು.

ತೋಟದ ಆ ಮೂಲೆ ಅವನಿಗೆ ಚಿಕ್ಕಂದಿನಿಂದ ಗೊತ್ತು. ಮಳೆಗಾಲದಲ್ಲಿ ಕಾಂಗ್ರೆಸ್ ಗಿಡ ಹಬ್ಬಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಈಗ ಒಂದು ಗಿಡವಿಲ್ಲ. ಬೇಲಿ ಬುಡದಿಂದ ಗುಂಡಿಯ ಅಂಚಿನವರೆಗೆ ಕೆದಕಿದ ಕೆಂಪು ಮಣ್ಣು, ಅದರ ಮೇಲೆ ಗರಿಕೆ ಚಿಗುರುತ್ತಿತ್ತು.

“ಇದ್ಯಾರು ಕಿತ್ತಿದ್ದು?” ಎಂದು ಕೇಳಿದ.

ಯಲ್ಲಯ್ಯ ತಲೆ ತಗ್ಗಿಸಿದ. “ನಾವೇ ಕಣಪ್ಪ. ಹೋದ್ ವಾರ. ರೇವಕ್ಕ ಅಲ್ಲಿ, ಆ ಕಲ್ಲಿನ್ ಮ್ಯಾಲೆ ಕೂತ್ಕಂಡು ಅದು ಬುಟ್ರಿ, ಇದು ಬುಟ್ರಿ ಅಂತ ಬೈತಿದ್ಲು. ಬೈಯಾಕೂ ಉಸ್ರು ಸಾಲ್ತಿರ್ಲಿಲ್ಲ. ಇದು ಅವ್ಳು ಮಲಗೋ ಜಾಗ ಅಂತ ಯಾವ್ ನನ್ಮಗನ್ಗೆ ಗೊತ್ತಿತ್ತು?”

ಹಿಪ್ಪೆಪಾಳ್ಯದವರು ಯಲ್ಲಯ್ಯನ ಹಿಂದೆ ಸಾಲಾಗಿ ನಿಂತಿದ್ದರು. ತಾಯಿಗೆ ನೆಲ ಹಸನು ಮಾಡಿಕೊಟ್ಟವರು ಇವರು. ತಾನು ತಂದದ್ದು ಆ ಹಾರ. ಕಾಂತೇಶ ಯಾರ ಮುಖವನ್ನೂ ನೋಡಲಾಗದೆ ಗುಡ್ಡೆಯನ್ನೇ ನೋಡುತ್ತ ನಿಂತ.

“ಮಂಜುಳಕ್ಕ, ನೀವೆಲ್ಲ ಹಿಪ್ಪೆಪಾಳ್ಯಕ್ಕೆ ಹೋಗ್ಬನ್ನಿ” ಎಂದ ಕೊನೆಗೆ. ಒದ್ದೆ ಪಂಚೆ ಎತ್ತಿ ಕಟ್ಟಿಕೊಂಡು, “ನಾನೂ ಬತ್ತೀನಿ” ಎಂದ.

ತಕ್ಷಣ ಗುಜುಗುಜು ಎದ್ದಿತು. ಮಡಕೆ ಹೊತ್ತವನು ತಿಥಿಯವರೆಗೆ ಹೊಲ ಮುಟ್ಟುವುದುಂಟೇ? ಅದೂ ಬೇರೆ ಊರಿನ ನೆಲ! “ಸೂತಕ ಕಣಯ್ಯ, ಶಾಸ್ತ್ರ ಅನ್ನೋದು ಒಂದದೆ” ಎಂದು ಹಿರಿಯರೊಬ್ಬರು ಅಡ್ಡ ಬಂದರು.

ಬೆಳಗಿನಿಂದ ತುಟಿ ಬಿಚ್ಚದಿದ್ದ ಬೀರಯ್ಯ ಆಗ ಮಾತಾಡಿದ. “ಸೂತಕ ಇರೋದು ಉಳಾಕೆ, ಬಿತ್ತಾಕೆ. ಕೀಳಾಕೆ ಯಾವ್ ಸೂತಕ? ಯಾವ್ ಶಾಸ್ತ್ರದಾಗೆ ಬರ್ದವ್ರೆ ತೋರ್ಸಿ.”

ಅಡ್ಡ ಬಂದಿದ್ದ ಹಿರಿಯರು ದಾರಿ ಬಿಟ್ಟು ಪಕ್ಕಕ್ಕೆ ಸರಿದರು.

“ನಿಮ್ಮೂರೋರು ಏನಾರ ಅಂತಾರಾ ಯಲ್ಲಯ್ಯ?” ಎಂದು ಬೀರಯ್ಯ ಕೇಳಿದ.

“ಅಂದ್ರೆ ನನ್ನ ದಾಟ್ಕಂಡ್ ಅನ್ಲಿ” ಎಂದ ಯಲ್ಲಯ್ಯ.

*

ಮನೆಗೆ ಬಂದು, ಹೆಣವಿಟ್ಟಿದ್ದ ಜಾಗದಲ್ಲಿ ಹಚ್ಚಿದ್ದ ದೀಪ ನೋಡಿಕೊಂಡು, ಕಡಬದವರು ಅದೇ ಟೆಂಪೋ ಹತ್ತಿದರು. ಹಿಪ್ಪೆಪಾಳ್ಯದ ಗೋಮಾಳದಲ್ಲಿ ಗಿಡ ಸೊಂಟದೆತ್ತರ ಬಂದಿತ್ತು. ತೆವರಿನ ದಿಬ್ಬದ ಕಡೆ ಆಗಲೇ ಬಿಳಿ ಮೊಗ್ಗು ಒಡೆಯುತ್ತಿತ್ತು. ಆ ಊರಿನವರೆಲ್ಲ ಕಟ್ಟಳೆಯಂತೆ ಅಂಚಿನಲ್ಲಿ ನಿಂತರು. ಅವರಲ್ಲಿ ಒಬ್ಬರೂ ಸೂತಕದ ಮಾತೆತ್ತಲಿಲ್ಲ.

ಮಂಜುಳಮ್ಮ ಒಬ್ಬೊಬ್ಬರ ಕೈಗೂ ಪ್ಲಾಸ್ಟಿಕ್ ಕವರು ತೊಡಿಸಿ ಮಣಿಕಟ್ಟಿಗೆ ದಾರ ಬಿಗಿದಳು. ಕಾಂತೇಶನಿಗೆ ಬಿಗಿಯುವಾಗ, “ಸೋಪ್ ಹಾಕಿ ಕೈ ತೊಳ್ಯೋಗಂಟ ಮೊಕ ಮುಟ್ಕಬ್ಯಾಡ. ಏನೇ ಆಗ್ಲಿ ಮುಟ್ಕಬ್ಯಾಡ” ಎಂದಳು.

ಅವನು ಹಿಡಿದ ಮೊದಲ ಗಿಡ ನಡುವಿಗೇ ಲಟಕ್ಕನೆ ಮುರಿಯಿತು.

“ಬುಡದಾಗ್ ಹಿಡ್ಕಳ್ಲಾ. ನಿಮ್ಮವ್ವ ಹೇಳ್ಕೊಟ್ಟಿಲ್ವಾ?”

“ಕರೆದಿದ್ಲು ಕಣಕ್ಕ. ನಾನೇ ಬರ್ಲಿಲ್ಲ.”

ಮಂಜುಳಮ್ಮ ಪಕ್ಕದ ಸಾಲಿಗೆ ಬಗ್ಗಿದಳು. ಕಾಂತೇಶ ಮಂಡಿಯೂರಿ ಕೂತು, ಮಣ್ಣಿಗೆ ಬೆರಳಿಟ್ಟು, ಬುಡದಲ್ಲಿ ಹಿಡಿದು ಎಳೆದ. ಈ ಸಲ ಬೇರು ಸಮೇತ ಬಂತು, ಹಸಿ ಮಣ್ಣು ಉದುರಿಸುತ್ತ. ಅವನು ಅದನ್ನು ಕಿತ್ತ ಗಿಡಗಳ ಗುಡ್ಡೆಗೆ ಹಾಕಿದ. ಇನ್ನೊಂದು ಕಿತ್ತ, ಮತ್ತೊಂದು ಕಿತ್ತ. ಬೆಳಗಿನಿಂದ ಬಾರದಿದ್ದ ಅಳು ಆಗ ಬಂತು. ಸಣ್ಣಗಲ್ಲ, ಗೊಳೋ ಎಂದು ಬಂತು. ಕಣ್ಣೀರು, ಸಿಂಬಳ ಎಲ್ಲ ಸೇರಿ ಗಲ್ಲದಿಂದ ತೊಟ್ಟಿಕ್ಕಿತು. ಒರೆಸಿಕೊಳ್ಳುವಂತಿರಲಿಲ್ಲ. ಅಕ್ಕಪಕ್ಕದವರ ಕೈಗಳಿಗೂ ಕವರು, ಎಲ್ಲದರ ಮೇಲೂ ಅದೇ ಪುಡಿ. ಅವನು ಅಳುತ್ತಲೇ ಕೀಳುತ್ತ ಮುಂದೆ ಹೋದ. ಸಾಲು ಅವನ ಜೊತೆ ಮುಂದೆ ಹೋಯಿತು.

ಅಂಚಿನಲ್ಲಿದ್ದ ಯಲ್ಲಯ್ಯನಿಗೆ ತಡೆಯಲಾಗಲಿಲ್ಲ. ಹೆಗಲ ಮೇಲಿನ ಟವೆಲು ಎಳೆದುಕೊಂಡು, ಗಿಡಗಳಿಗೆ ತಾಗದಂತೆ ಕಿತ್ತ ಜಾಗದಲ್ಲೇ ಹೆಜ್ಜೆಯಿಡುತ್ತ ಬಂದ. ಅವನ ಕೈ ಚೊಕ್ಕವಾಗಿತ್ತು. ಕಾಂತೇಶ ಎದ್ದು ನಿಂತು, ಕವರು ಕಟ್ಟಿದ ಎರಡೂ ಕೈಗಳನ್ನು ಮೈಯಿಂದ ದೂರಕ್ಕೆ ಹಿಡಿದುಕೊಂಡು, ಕಣ್ಣು ಮುಚ್ಚಿ ಅವನ ಕಡೆಗೆ ಮುಖ ಒಡ್ಡಿದ.