ಮೈಥಾಳ ಕಡೆಯ ನೀರು

ಕಾಫಿ ಬೀಜ ಚಟ್ ಅಂದಿತು, ಇನ್ನೊಂದು ಚಟ್, ಕಪ್ಪಾಗಬಾರದು, ಖಲ್ಫಾನನಿಗೆ ಕಪ್ಪಾದರೆ ಸೇರುವುದಿಲ್ಲ, ಆದರೆ ನನ್ನ ಸವತಿ ಮೈಥಾ ಹುರಿದು ಕಪ್ಪಾದರೆ ಸೇರುತ್ತದೆ, ಮೊನ್ನೆ ಅವಳು ಸುಟ್ಟು ಕರಕಲು ಮಾಡಿದ್ದನ್ನು ಕುಡಿದು ಆಹಾ ಮರಳುಗಾಡಿನ ವಾಸ್ನೆ ಅಂದನಲ್ಲ ಮಹಾರಾಯ, ವಾಸನೆಯಂತೆ, ನಾನು ಸುಟ್ಟಿದ್ದರೆ ಬಟ್ಟಲು ಅಂಗಳಕ್ಕೆ ಹಾರುತ್ತಿತ್ತು — ಬೇಡ, ನಿಧಾನ, ಕೈ ಆಡಿಸು ಶಮ್ಮಾ, ತಟ್ಟಿಯ ಆಚೆ ಅತಿಥಿ ಕೂತಿದ್ದಾನೆ. ಖರ್ಜೂರದ ಗರಿಯ ತಟ್ಟಿ, ಸಂದು ಬೇಕಾದಷ್ಟು, ಅವರಿಗೆ ನಾವು ಕಾಣುವುದಿಲ್ಲ, ನಮಗೆ ಅವರೆಲ್ಲ ಕಾಣುತ್ತಾರೆ: ಹಡಗಿನ ಸಾಹೇಬ, ಸುಟ್ಟ ಏಡಿಯ ಬಣ್ಣದ ಮುಖ, ಕಾಲು ಮಡಚಲು ಬಾರದೆ ಮುದಿ ಒಂಟೆಯ ಹಾಗೆ ಒಂದು ಮಂಡಿ, ಇನ್ನೊಂದು ಮಂಡಿ, ಅಯ್ಯೋ ಬಿದ್ದ, ಇಲ್ಲ ದಿಂಬು ಸಿಕ್ಕಿತು. ಅವನ ಹಡಗು ಬೆಳಿಗ್ಗೆಯಿಂದ ಬಂಡೆಸಾಲಿನಾಚೆ ನಿಂತಿದೆ, ಬೂದು ಬಣ್ಣದ್ದು, ತೋಪುಗಳ ಮೂತಿ ನಮ್ಮ ಊರಿನ ಕಡೆಗೆ, ಸುಮ್ಮನೆ ಆ ಕಡೆಗೆ ತಿರುಗಿಕೊಂಡಿವೆಯಂತೆ, ಏನೂ ಅರ್ಥ ಇಲ್ಲವಂತೆ. ಸಾಹೇಬ ಅರಬ್ಬಿಯನ್ನು ಪುಸ್ತಕದಿಂದ ಕಲಿತವನು, ಬಾಯಿ ಬಿಟ್ಟರೆ ಶುಕ್ರವಾರದ ಪ್ರವಚನ, ಎಲೈ ಖಲ್ಫಾನನೇ, ಬನಿ ರುಬೈದರ ಸ್ತ್ರೀಯರು ತಮ್ಮ ಕೇಶರಾಶಿಗೆ ಏನನ್ನು ಲೇಪಿಸುವರು, ಅಂತ ಕೇಳಿದ, ನಿಮ್ಮ ಕುಲದ ಹೆಂಗಸರು ತಲೆಗೇನು ಹಚ್ತಾರೆ ಅಂತ ಕೇಳ್ತಾನೆ ಅಂತ ನಾನು ಬಿಡಿಸಿ ಹೇಳಿದೆ, ನನ್ನ ಪಕ್ಕದಲ್ಲಿ ಮೈಥಾ ಕಿಸಕ್ಕೆಂದಳು, ಇವ್ನಿಗ್ಯಾಕಂತೆ, ಜಡೆ ಹಾಕ್ಕೋತಾನಂತಾ ರಾಶಿದನಮ್ಮಾ, ಅಂತ ನನ್ನ ತೋಳಿಗೆ ಹಣೆ ಒತ್ತಿಕೊಂಡು ನಕ್ಕಳು, ನನಗೂ ನಗು ಬರಬೇಕಿತ್ತು, ಗಂಟಲವರೆಗೆ ಬಂದಿತ್ತು, ಅಷ್ಟರಲ್ಲಿ ಆಚೆಯಿಂದ ನನ್ನ ಗಂಡ ಉತ್ತರ ಕೊಟ್ಟ, ಒಂದು ಗುಟುಕು ಉಗುಳು ನುಂಗುವಷ್ಟೂ ತಡಮಾಡಲಿಲ್ಲ, ಮೇಕೆ ತುಪ್ಪ ಸಾಹೇಬ್ರೇ, ಅದಕ್ಕೆ ಬೋರೆ ಎಲೆ ಪುಡಿ ಕಲ್ಸೋದು, ಮೊದ್ಲು ಕಿವಿ ಹಿಂದೆ ಹಚ್ಬೇಕು, ಆಮೇಲೆ ಬೈತಲೆಗೆ, ಒಣಗಿದ್ಮೇಲೆ ಮಳೆ ಬಿದ್ದ ಹುಲ್ಲಿನ ಥರ ಘಮ ಬರ್ತದೆ.

ಮೊದಲು ಕಿವಿಯ ಹಿಂದೆ. ಯಾವ ಗಂಡಸಿಗೆ ಇದು ಗೊತ್ತಿರುತ್ತದೆ, ಕಿವಿಯ ಹಿಂದೆ ಮೂಗು ಇಟ್ಟವನಿಗೆ ಗೊತ್ತಿರುತ್ತದೆ, ನನ್ನ ಮಗ ರಾಶಿದ ಮೀಸೆ ಚಿಗುರಿ ಮುತ್ತು ತೆಗೆಯುವ ದೋಣಿ ಹತ್ತಿ ಹೋಗಿದ್ದಾನೆ, ಅಷ್ಟು ವರ್ಷ ಈ ಮನುಷ್ಯನ ಮಗ್ಗುಲಲ್ಲಿ ಮಲಗಿದೆನಲ್ಲ, ಶಮ್ಮಾ ತಲೆಗೆ ಏನು ಹಚ್ಚುತ್ತಾಳೆ ಅಂತ ಸಾಹೇಬ ಕೇಳಿದ್ದರೆ ಏನು ಹೇಳುತ್ತಿದ್ದ, ಎಣ್ಣೆ ಅನ್ನುತ್ತಿದ್ದ, ಎಣ್ಣೆ, ಅಷ್ಟೇ, ದೀಪಕ್ಕೂ ಹಾಕುತ್ತಾರಲ್ಲ ಅದೇ. ಶಮ್ಮಾ ಅಂತ ಅವನು ನನ್ನನ್ನು ಕರೆದದ್ದಾದರೂ ಯಾವಾಗ, ನಾನು ರಾಶಿದನಮ್ಮ, ಹೊಸಿಲಿಗೆ ಹೊಸಿಲು ಅಂದ ಹಾಗೆ, ಅವಳು ಮಾತ್ರ ಮೈಥಾ, ಮೈಥಾಆಆ, ಬಾಯಲ್ಲಿ ಹಲ್ವಾ ಇಟ್ಟುಕೊಂಡು ಕರೆದ ಹಾಗೆ. ಒಂಟೆಗೆ ಯಾವ ಮುದ್ರೆ ಹಾಕುವರು ಅಂದ ಸಾಹೇಬ, ಎಡ ಕೆನ್ನೇಲಿ ಕೊಕ್ಕೆ, ತೊಡೆ ಮೇಲೆ ಎರಡು ಗೆರೆ, ಅಂದ ನನ್ನ ಗಂಡ, ವಿವಾಹದಲ್ಲಿ ಏನನ್ನು ಹಾಡುವರು ಅಂದ, ಹಾಡಿಯೇ ತೋರಿಸಿದ, ದೇವರೇ, ಒಂದು ಸಾಲು ತಪ್ಪದೆ, ಅಪಸ್ವರದಲ್ಲಿ. ನಮ್ಮಿಬ್ಬರಿಗೂ ರಾತ್ರಿ ಸರದಿ ಇದೆ, ಸಮ ಪಾಲು, ಅದರಲ್ಲಿ ಅವನು ಮೋಸ ಮಾಡುವುದಿಲ್ಲ, ನನ್ನ ಸರದಿಯ ದಿನ ನ್ಯಾಯವಾಗಿ ಬಂದು ನ್ಯಾಯವಾಗಿ ಗೊರಕೆ ಹೊಡೆಯುತ್ತಾನೆ, ಅವಳ ಸರದಿಯ ದಿನ ಗೋಡೆಯಾಚೆ ಪಿಸುಪಿಸು ನಿಲ್ಲುವುದೇ ಇಲ್ಲ, ನಾನು ಪ್ರೇಮದ ಮಾತು ಅಂದುಕೊಂಡು ಕಿವಿಗೆ ಸೆರಗು ತುರುಕಿಕೊಳ್ಳುತ್ತಿದ್ದೆ, ಇವನು ಒಂಟೆಯ ಮುದ್ರೆ ಕಲಿಯುತ್ತಿದ್ದ, ಅವಳ ಅಜ್ಜಿ ರೊಟ್ಟಿಯನ್ನು ಬೂದಿಯಲ್ಲಿ ಹೇಗೆ ಹೂಳುತ್ತಿದ್ದಳು ಅಂತ ಕೇಳುತ್ತಿದ್ದ — ಪ್ರೇಮದ ಮಾತೇ ಆಗಿದ್ದರೆ ಚೆನ್ನಾಗಿತ್ತು, ಅದು ನಾಲ್ಕು ತಿಂಗಳಿಗೆ ಹಳಸುತ್ತದೆ, ಒಬ್ಬಳ ಬಾಲ್ಯವನ್ನೆಲ್ಲ ಕೂತು ಕೇಳುವುದು ಇದೆಯಲ್ಲ, ಅದಕ್ಕೆ ನಾನು ಏನು ಅಂತ ಹೆಸರಿಡಲಿ.

ಸಾಹೇಬ ಖರ್ಜೂರ ತಿಂದು ಬೀಜವನ್ನು ತಟ್ಟೆಯ ಅಂಚಿಗೆ ಇಡುತ್ತಿದ್ದಾನೆ, ಖಲ್ಫಾನ ಅವನ್ನು ಆರಿಸಿ ಚಾಪೆಯ ಮೇಲೆ ಜೋಡಿಸುತ್ತಿದ್ದಾನೆ, ಇದು ಕಡಲು, ಇದು ನಮ್ಮ ಬುರುಜು, ಇದು ಒಣ ಹಳ್ಳ, ಇದು ಅದರ ಕವಲು, ಸಾಹೇಬ ಮಂಡಿಯ ಮೇಲಿನ ಕಾಗದದಲ್ಲಿ ಗೆರೆ ಎಳೆಯುತ್ತಾನೆ, ಹೋದ ವರ್ಷವೂ ಇದೇ ಚಾಪೆ, ಇದೇ ಗೆರೆ, ಆಗ ಮೈಥಾ ಇನ್ನೂ ಈ ಮನೆಗೆ ಬಂದಿರಲಿಲ್ಲ, ತಟ್ಟಿಯ ಈಚೆ ನಾನೊಬ್ಬಳೇ, ಈ ಸಾಹೇಬ ಜಡೆ ಕೇಳುತ್ತಾನೆ, ಮದುವೆ ಕೇಳುತ್ತಾನೆ, ನಡುವೆ ಮೆಲ್ಲಗೆ ಕಳ್ಳಸಾಗಣೆಯ ಕೋವಿ ಕೇಳುತ್ತಾನೆ, ಆಗಲೂ ಹಾಗೇ ಕೇಳಿದ್ದ, ನನ್ನ ತವರು ಖೋರ್ ಸಿದ್ರದ ಬಗ್ಗೆ, ನನ್ನ ಗಂಡ ಒಂದು ಬೀಜ ಎತ್ತಿ ಟಪ್ ಅಂತ ಇಟ್ಟ, ಇಗೋ ಸಾಹೇಬ್ರೇ ನನ್ ಹೆಂಡ್ತಿ ಊರು, ದೊಡ್ಡ ದೋಣಿ ನನ್ ಬಾಮೈದ ಉಬೈದಂದು, ಉಪ್ಪುಮೀನಿನ ಅಡೀಲಿ ಏನೈತೆ ಅಂತ ನೋಡಿದ್ರೆ ನಿಮಗೇ ಗೊತ್ತಾಗ್ತದೆ, ಅಂತ ನಕ್ಕ, ಕಣ್ಣು ಹೊಡೆದ. ಹಡಗಿನವರು ಹೋಗಿ ಉಬೈದನ ಮನೆಯಲ್ಲಿ ಮೀನು ಅನ್ನ ಉಂಡರು, ಕೈ ತೊಳೆದರು, ದೋಣಿ ಸುಟ್ಟರು. ಅಪ್ಪ ಕಟ್ಟಿಸಿದ ದೋಣಿ, ನೀರಿನ ಮೇಲೆ ಬೆಂಕಿ ನಿಂತಿತ್ತಂತೆ, ಉಬೈದ ಈಗ ಮಸ್ಕತ್ತಿನಲ್ಲಿ ಯಾರದೋ ಮೂಟೆ ಹೊರುತ್ತಾನೆ, ನಾನು ಅನ್ನ ನೀರು ಬಿಟ್ಟಾಗ ಖಲ್ಫಾನ ನನ್ನೆದುರು ಕೂತು ಮಗುವಿನ ಹಾಗೆ ಅತ್ತ, ಏನ್ಮಾಡ್ಲಿ ಕಣೇ ರಾಶಿದನಮ್ಮ, ನನ್ ಬಾಯೇ ಹಂಗೆ, ಯಾರಾದ್ರೂ ನಾಲ್ಕು ಒಳ್ಳೇ ಮಾತಾಡಿದ್ರೆ ಬಿಚ್ಕೊಂಬಿಡ್ತದೆ, ಅಂದ, ನಾನೂ ಒಪ್ಪಿಕೊಂಡೆ, ಪಾಪ ಬಾಯಿ ನಿಲ್ಲದವನು, ಕುಂಟನನ್ನು ಯಾಕೆ ಓಡಲಿಲ್ಲ ಅಂತ ಬೈಯುವುದುಂಟೇ, ಹಾಗಂದುಕೊಂಡೇ ಅವನಿಗೆ ಮತ್ತೆ ರೊಟ್ಟಿ ತಟ್ಟಿದೆ, ಹಾಗಂದುಕೊಂಡೇ ಇಷ್ಟು ದಿನ —

ಬನಿ ರುಬೈದರು ಗ್ರೀಷ್ಮದಲ್ಲಿ ಯಾವ ಜಲವನ್ನು ಆಶ್ರಯಿಸುವರು, ಅಂದ ಸಾಹೇಬ. ಬಂತು. ಸಣ್ಣಗೆ ನಗುತ್ತಲೇ ಬಂತು. ಕೋವಿಗಳು ಈಗ ಅವರಲ್ಲಿವೆ ಖಲ್ಫಾನನೇ, ನಾವು ಅವರನ್ನು ಮರಳಿನಲ್ಲಿ ಬೆನ್ನಟ್ಟುವುದಿಲ್ಲ, ಅವರ ಜಲವನ್ನು ಮುಚ್ಚುವೆವು, ಕೋವಿಗಳು ತಾವಾಗಿಯೇ ನಡೆದು ಬರುವವು. ಈ ಬಿಸಿಲಿಗೆ ನೀರು ಮುಚ್ಚಿದರೆ ಕೋವಿ ನಡೆದು ಬರುತ್ತದೋ ಹೆಣ ಬರುತ್ತದೋ, ಸಾಹೇಬನಿಗೆ ಗೊತ್ತಿಲ್ಲದೆ ಇರುತ್ತದೆಯೇ, ನನ್ನ ಗಂಡನ ಬೆರಳ ತುದಿಯಲ್ಲಿ ಒಂದು ಬೀಜ ಇತ್ತು, ಅದು ಹಳ್ಳದ ಕವಲಿನ ಎಡಕ್ಕೆ ಇಳಿಯುತ್ತಿತ್ತು, ಚಾಪೆಗೆ ಇನ್ನೇನು ಮುಟ್ಟಬೇಕು, ನಿಂತಿತು. ಬೆರಳುಗಳು ಒಂದೊಂದಾಗಿ ಮಡಚಿಕೊಂಡವು. ಬೀಜ ಒಳಗೆ, ಮುಷ್ಟಿ ಮುಚ್ಚಿತು, ಮುಷ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡ, ನಕ್ಕ, ಅವರಿಗೆಲ್ಲೈತೆ ಸಾಹೇಬ್ರೇ ನೀರು, ಅಂದ.

ಓಹೋ. ಓಹೋಹೋ. ಈ ಗಂಡಸಿಗೆ ಬಾಯಿ ಮುಚ್ಚಲು ಬರುತ್ತದೆ! ಕುಂಟ ಎದ್ದು ಓಡುತ್ತಿದ್ದಾನೆ, ನೋಡಿರಮ್ಮ, ಗಾಳಿಯ ಹಾಗೆ ಓಡುತ್ತಿದ್ದಾನೆ, ನನ್ನ ತಮ್ಮನಿಗೆ ಟಪ್, ಅವಳ ಅಣ್ಣಂದಿರಿಗೆ ಮುಷ್ಟಿ, ನನ್ನ ಅಪ್ಪನ ದೋಣಿಗೆ ನಗು ಮತ್ತು ಕಣ್ಣು ಹೊಡೆತ, ಅವಳ ಅಪ್ಪನ ಬಾವಿಗೆ ಸುಳ್ಳು, ಎಷ್ಟು ಚಂದದ ಸುಳ್ಳು, ಎಷ್ಟು ಅಕ್ಕರೆಯ ಸುಳ್ಳು, ನನಗೋಸ್ಕರ ಒಂದೇ ಒಂದು ಸುಳ್ಳು ಹೇಳಿದ್ದರೆ ನಾನು ಅದನ್ನು ಮೂಗುತಿ ಮಾಡಿ ಹಾಕಿಕೊಳ್ಳುತ್ತಿದ್ದೆನಲ್ಲೋ ಖಲ್ಫಾನಾ. ಆ ಬಾವಿ ನನಗೂ ಗೊತ್ತು, ಮೈಥಾಳಿಗೆ ಜ್ವರ ಬಂದಾಗ ಒದ್ದೆ ಬಟ್ಟೆ ಹಾಕುತ್ತಾ ಕೂತಿದ್ದೆ, ಐನ್ ಸಮ್ರಾ, ಐನ್ ಸಮ್ರಾ, ಅದರ ನೀರು ತಂದ್ಕೊಡಿ, ಅಂತ ಕನವರಿಸಿದ್ದಳು, ನಾನು ಈಗ ಕೆಮ್ಮಿ ಎರಡು ಮಾತು ಆಡಿದರೆ ಸಾಕು, ಆದರೆ ಬಂದರಿನ ಹೆಂಗಸು ತಟ್ಟಿಯ ಈಚೆಯಿಂದ ಪರಗಂಡಸಿಗೆ ದನಿ ಕೇಳಿಸುವುದಿಲ್ಲ, ನಮ್ಮಮ್ಮ ಸಾಯುವಾಗಲೂ ಪಿಸುಗುಟ್ಟಿಯೇ ಸತ್ತಳು. ಸಾಹೇಬ ಬಿಡುತ್ತಿಲ್ಲ, ಜಲವಿಲ್ಲದೆ ಅವರು ಜೀವಿಸುವುದೆಂತು, ಅಂತಾನೆ, ಖಲ್ಫಾನ ಸುಳ್ಳಿಗೆ ಇನ್ನೂ ತುಪ್ಪ ಸುರಿಯುತ್ತಾನೆ, ಭಿಕ್ಷೆ ಸಾಹೇಬ್ರೇ, ಬೇರೆಯೋರ ಬಾವೀಲಿ ಅವರ ಒಂಟೆ ಕುಡಿದು ಬಿಟ್ಟ ಮೇಲೆ ಇವರು ಬಗ್ಗಿ ಕುಡೀತಾರೆ, ಗತಿಯಿಲ್ಲದ ಜನ, ಅವರನ್ಯಾಕೆ ಲೆಕ್ಕಕ್ಕಿಡ್ತೀರಿ.

ಮೈಥಾಳ ಕೈ ಒರಳಿನ ಮೇಲೆ ನಿಂತಿದೆ, ಏಲಕ್ಕಿ ಕುಟ್ಟುತ್ತಿದ್ದ ಕೈ. ಸಾಹೇಬನ ತೊಡಕು ಮಾತು ಅವಳಿಗೆ ತಿಳಿದಿಲ್ಲ, ಗ್ರೀಷ್ಮ ಜಲ ಮುಚ್ಚುವೆವು ಅಂದರೆ ಏನೆಂದು ಅವಳಿಗೇನು ಗೊತ್ತು, ಗಂಡನ ಮಾತು ಮಾತ್ರ ಚೆನ್ನಾಗಿ ತಿಳಿದಿದೆ, ಭಿಕ್ಷೆ, ಬಗ್ಗಿ, ಗತಿಯಿಲ್ಲದ. ಅವಳು ಡೇರೆಯಲ್ಲಿ ಹುಟ್ಟಿದವಳು, ತಟ್ಟಿ ಗಿಟ್ಟಿ ಅವಳಿಗೆ ಗೊತ್ತಿಲ್ಲ, ದಾರಿಹೋಕನಿಗೂ ಕೂಗಿ ಕ್ಷೇಮ ಕೇಳುತ್ತಾಳೆ, ಅವಳ ಕಡೆ ಮನೆಯಲ್ಲಿ ಉಂಡವನು ನೀರಿನ ದಾರಿ ಕೇಳಿದರೆ ಹೇಳದೆ ಇರುವುದು ಮಾನಗೇಡು, ಉಪ್ಪು ಅವ್ನ ಹೊಟ್ಟೇಲಿರೋ ತನಕ ಅವ್ನು ನಮ್ಮೋನೇ ರಾಶಿದನಮ್ಮಾ, ಕತ್ತಿ ಎತ್ತೋ ಹಂಗಿಲ್ಲ, ಅಂತ ಎಷ್ಟು ಸಲ ಹೇಳಿದ್ದಾಳೆ, ಹಡಗಿನವರ ಹೊಟ್ಟೆಯಲ್ಲಿ ಉಪ್ಪು ಎಷ್ಟು ಬೇಗ ಕರಗುತ್ತದೆ ಅಂತ ನಾನು ಅವಳಿಗೆ ಹೇಳಿಲ್ಲ, ಉಬೈದನ ಮೀನು ಅನ್ನದ ಕತೆ ಹೇಳಿಲ್ಲ, ಸವತಿಯ ಎದುರು ತವರಿನ ಸೋಲು ಯಾರು ಹೇಳುತ್ತಾರೆ. ಅವಳ ಕುತ್ತಿಗೆಯ ನರ ಎದ್ದಿದೆ, ನನ್ನ ಅಂಗೈ ಅವಳ ಬಾಯಿಗೆ ಒಂದು ಗೇಣು ದೂರದಲ್ಲಿದೆ, ಒತ್ತಿ ಹಿಡಿದರೆ ಆಯಿತು, ಅವಳ ತಾಯಿ ಈಗ ಆ ಬಾವಿಯ ಹತ್ತಿರವೇ ಇದ್ದಾಳೆ, ಮದುವೆಗೆ ಹಾಲಿನ ತೊಗಲು ಚೀಲ ಹೊತ್ತು ಬಂದವಳು, ಒರಟು ಕೈಯನ್ನು ನನ್ನ ತಲೆಯ ಮೇಲಿಟ್ಟು, ನನ್ ಮಗಳು ಹೆಡ್ಡಿ ಕಣವ್ವ, ಇನ್ಮೇಲೆ ನೀನೇ ನೋಡ್ಕೋ, ಅಂದವಳು, ಎತ್ತು ಕೈ ಶಮ್ಮಾ, ಎತ್ತು, ಸಂದಿನಲ್ಲಿ ಮುಷ್ಟಿ ಕಾಣುತ್ತಿದೆ, ಗಿಣ್ಣುಗಳು ಬಿಳಿ, ಹೆಬ್ಬೆರಳು ಮೇಲಿಂದ ಬಿಗಿದುಕೊಂಡಿದೆ, ಮಗುವಿನ ಕೈ ಹಿಡಿದ ಹಾಗೆ ಹಿಡಿದುಕೊಂಡಿದ್ದಾನೆ, ನಾನು ಅವಳ ಕಿವಿಗೆ ಬಗ್ಗಿದೆ, ಹುಲ್ಲಿನ ಘಮ, ಹೌದು, ಮಳೆ ಬಿದ್ದ ಹುಲ್ಲು, ನಿಜವೇ ಹೇಳಿದ್ದ, ಕೇಳಿಸ್ತಾ ಮೈಥಾ, ಅಂದೆ, ನಿಮ್ಮಪ್ಪ ಭಿಕ್ಷೆ ನೀರು ಕುಡೀತಾನಂತೆ.

ಸುಳ್ಳು, ಅಂತ ಕೂಗಿಯೇ ಬಿಟ್ಟಳು, ತಟ್ಟಿ ಅದುರಿತು, ಸುಳ್ಳು ಸಾಹೇಬ್ರೇ, ಇವ್ರಿಗೇನ್ ಗೊತ್ತು ಮೀನು ತಿನ್ನೋರಿಗೆ, ನಮ್ದು ಐನ್ ಸಮ್ರಾ, ಹಳ್ಳ ಕವಲೊಡೆಯೋ ಕಡೆ ಎಡಕ್ಕೆ ಹೋಗಿ, ಕೆಂಪು ಗುಡ್ಡದ ಬುಡದಾಗೆ, ಹಾಲಿಗಿಂತ ಸಿಹಿ ನೀರು, ಈಗ ನಮ್ಮೋರೆಲ್ಲ ಅಲ್ಲೇ ಅವ್ರೆ, ಬನ್ನಿ, ನಮ್ಮಪ್ಪ ಒಂಟೆ ಕಡಿದು ಊಟ ಹಾಕ್ತಾನೆ! ಸಾಹೇಬ ತಟ್ಟಿಯ ಕಡೆಗೆ ತಿರುಗಿ ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿದ, ಬಹಳ ಮರ್ಯಾದಸ್ಥ, ಕಾಗದದ ಮೇಲೆ ಒಂದು ಸಣ್ಣ ಸುತ್ತು ಬರೆದ, ಸರಿಯಾಗ್ ಹೇಳ್ದೆ ಅಲ್ವಾ ರಾಶಿದನಮ್ಮಾ, ಅಂತ ಇವಳು ನನ್ನ ಮೊಣಕೈ ತಿವಿಯುತ್ತಾಳೆ, ಏದುಸಿರು, ಕಣ್ಣಲ್ಲಿ ಬೆಳಕು, ನಾನು ಹೂಂ ಅಂದೆನೋ ಇಲ್ಲವೋ, ಖಲ್ಫಾನ ಈ ಕಡೆ ತಿರುಗಲಿಲ್ಲ, ಬೈಯಲಿಲ್ಲ, ಅವಳ ಮೇಲೂ ಸಿಟ್ಟಿಲ್ಲ, ನನ್ನ ಮೇಲೆ ಅನುಮಾನ ಕೂಡ ಇಲ್ಲ, ಅನುಮಾನ ಪಡುವಷ್ಟೂ ನಾನು ಅವನ ನೆನಪಿನಲ್ಲಿಲ್ಲ, ಸಾಹೇಬ ಎದ್ದ, ಒಂದು ಮಂಡಿ, ಇನ್ನೊಂದು ಮಂಡಿ, ಹೊರಟ, ಇನ್ನು ಬಿಚ್ಚಬಹುದಲ್ಲ, ಹೇಳಿ ಆಗಿದೆಯಲ್ಲ, ಬಚ್ಚಿಡಲು ಒಳಗೆ ಏನೂ ಉಳಿದಿಲ್ಲವಲ್ಲ, ಬಿಸಾಡು ಮಾರಾಯ ಆ ಬೀಜವನ್ನು, ಬಿಚ್ಚು, ತೊಡೆಯ ಮೇಲೆ ಮುಷ್ಟಿ, ಬಿಳಿ ಗಿಣ್ಣು, ಬಿಗಿದ ಹೆಬ್ಬೆರಳು, ಇನ್ನೂ ಬಿಚ್ಚಿಲ್ಲ, ಯಾಕೆ ಬಿಚ್ಚುವುದಿಲ್ಲ, ಮುಷ್ಟಿ, ಮುಚ್ಚಿದ ಮುಷ್ಟಿ, ಅವನ ಮುಚ್ಚಿದ ಮುಷ್ಟಿ