ತೂತು ಹೊಡೆದ ಡಬ್ಬಿಯೊಳಗೆ

ನಾನು ಒಂದು ರೇಡಿಯೋ. ಕೈಯಲ್ಲಿ ಹಿಡಿದು ತಿರುಗಾಡುವಂಥ ಪುಟ್ಟ ಟ್ರಾನ್ಸಿಸ್ಟರ್. ಒಂದು ಕಾರ್ಖಾನೆಯ ಉದ್ದ ಮೇಜಿನ ಮೇಲೆ, ಬೆಸುಗೆಯ ಹೊಗೆಯ ನಡುವೆ ಹುಟ್ಟಿದೆ. ನನ್ನ ಹೊಟ್ಟೆಯೊಳಗೆ ಬೆರಳುದ್ದದ ಒಂದು ಕಪ್ಪು ಕಡ್ಡಿ ಇದೆ. ಅದರ ಸುತ್ತ ಕೂದಲೆಳೆಯಂಥ ತಾಮ್ರದ ತಂತಿ ಸುತ್ತಿದ ಹೆಂಗಸು, "ಇದೇ ನಿನ್ನ ಕಿವಿ" ಎಂದು ಹೇಳಿ ಬೆನ್ನಿನ ತಿರುಪು ಬಿಗಿದಳು.

ಆ ಕಿವಿಗೆ ಬೀಳುವುದು ಮಾತಲ್ಲ, ಅಲೆ. ವಿದ್ಯುತ್ತು, ಅಯಸ್ಕಾಂತದ ಸೆಳೆತ ಎರಡೂ ಜೊತೆಯಾಗಿ ಓಡುವ ಅಲೆ. ಮಾತು ಸಾಗಲು ಗಾಳಿ ಬೇಕು, ಈ ಅಲೆಗೆ ಏನೂ ಬೇಡ. ಬರಿದಾದ ಬಾನಿನಲ್ಲೂ ಬೆಳಕಿನ ವೇಗದಲ್ಲೇ ಓಡುತ್ತದೆ, ಏಕೆಂದರೆ ಬೆಳಕು ಅದರ ಒಡಹುಟ್ಟು. ಒಲೆಯ ಮುಂದೆ ಕೂತರೆ ಮುಖಕ್ಕೆ ತಟ್ಟುವ ಕಾವೂ ಅದೇ ಬಳಗ. ಬೆಳಕಿನ ಅಲೆ ತೀರಾ ಗಿಡ್ಡ. ನನ್ನ ಪಾಲಿಗೆ ಬರುವುದು ಬಲು ಉದ್ದ. ಒಂದು ಅಲೆ ಚಾಚಿದರೆ ಇಡೀ ಗದ್ದೆಬಯಲು ದಾಟೀತು.

ಮೊದಲು ನಾನಿದ್ದದ್ದು ಕುಂದಾಪುರದ ದರ್ಜಿ ವಾಮನ ಶೇರೆಗಾರರ ಅಂಗಡಿಯಲ್ಲಿ, ಮರದ ಕಪಾಟಿನೊಳಗೆ. ಬಾಗಿಲು ಹಾಕಿದರೂ ಅಲೆ ಬರುತ್ತಿತ್ತು. ಮರ, ಬಟ್ಟೆ, ಹೆಂಚು ಯಾವುದೂ ಅದಕ್ಕೆ ಲೆಕ್ಕವಿಲ್ಲ. ಅಂಗಡಿಗೆ ಟಿವಿ ಬಂದ ಮೇಲೆ ನಾನು ಗಂಗೊಳ್ಳಿಯ ಅಕ್ಕಣಿಯ ಕೈಸೇರಿದೆ.

ಅಕ್ಕಣಿ ಮೀನು ಒಣಗಿಸಿ ಮಾರುವವಳು. ಅವಳ ತಮ್ಮ ಬಚ್ಚ ದೋಣಿಯ ತಂಡೇಲ, ಎಂದರೆ ದೋಣಿ ನಡೆಸುವ ಯಜಮಾನ. ಗಾಳಿಮಳೆಯ ಸುದ್ದಿ ಕೇಳಲು ದೋಣಿಯಲ್ಲಿಡುತ್ತಿದ್ದ ಅವನ ಹಳೆಯ ರೇಡಿಯೋ ಉಪ್ಪುಗಾಳಿಗೆ ತುಕ್ಕು ಹಿಡಿದು ಸತ್ತಿತ್ತು. ನನಗೆ ಹಾಗಾಗಬಾರದೆಂದು ಅಕ್ಕಣಿ ಬಿಸ್ಕತ್ತಿನ ದೊಡ್ಡ ತಗಡಿನ ಡಬ್ಬಿ ತಂದು, ತಳಕ್ಕೆ ಅಕ್ಕಿ ಹರಡಿ, ನನ್ನನ್ನು ಮಲಗಿಸಿದಳು. ಮಾತು ಹೊರಗೆ ಬರಲೆಂದು ಮುಚ್ಚಳಕ್ಕೆ ಮೊಳೆಯಿಂದ ತೂತು ಹೊಡೆದಳು. ಪರೀಕ್ಷೆಯನ್ನೂ ಬಿಡಲಿಲ್ಲ: ನನ್ನನ್ನು ತೆಗೆದು, ಅಲಾರಂ ಗಡಿಯಾರ ಇಟ್ಟು ಮುಚ್ಚಿದಳು. ಗಂಟೆ ಗಣಗಣ ಕೇಳಿತು.

"ಗಡಿಯಾರ ಕೇಳ್ತ್. ರೇಡಿಯೋ ಕೇಳ್ದೆ ಇರತ್ತಾ?" ಎಂದಳು.

ಬಚ್ಚ ತನ್ನ ಬೀಡಿಕಟ್ಟನ್ನೂ ಡಬ್ಬಿಯೊಳಗೆ ತುರುಕಿದ.

"ಅದ್ ರೇಡಿಯೋ ಒಣಗಿರುಕೆ ಮಾಡದ್ದ್, ನಿನ್ನ ಬೀಡಿಗಲ್ಲ. ಆ ಬೀಡಿಯೇ ನಿನ್ನ ತಿಂತ್, ಕಾಣ್."

"ಆಯ್ತಕ್ಕಾ, ಒಂದ್ ಮೂಲೆಯಂಗೆ ಇರ್ಲಿ."

ಗಡಿಯಾರ ತನ್ನ ಸದ್ದನ್ನು ತಾನೇ ಮಾಡುತ್ತದೆ. ನಾನು ಹಾಗಲ್ಲ, ಹೊರಗಿನಿಂದ ಅಲೆ ಬಂದರೆ ಮಾತ್ರ ನನಗೆ ಬಾಯಿ. ಮೊಳೆಯ ತೂತಿನಲ್ಲಿ ಮಾತು ಹೊರಗೆ ಹೋದೀತು, ಗದ್ದೆಬಯಲಿನಷ್ಟು ಉದ್ದದ ಅಲೆ ಒಳಗೆ ಬಾರದು. ಅದು ತಗಡಿನ ಮೈಮೇಲೇ ಹರಿದು ಹಿಂದಿರುಗುತ್ತದೆ. ಇದನ್ನು ಹೇಳೋಣವೆಂದರೆ, ಅದಕ್ಕೂ ಅಲೆಯೇ ಬರಬೇಕು.

ಮರುದಿನ ಬೆಳಿಗ್ಗೆ ಕಡಲಿಗೆ ಹೋದೆವು. ಬಚ್ಚ ನನ್ನ ಗುಂಡಿ ತಿರುಗಿಸಿ ಮುಚ್ಚಳ ಬಿಗಿದ. ನಾನು ಬರೀ ಉಸ್ಸೆಂದೆ.

"ಎಂತದೂ ಹೇಳುದಿಲ್ಲೆ ಅಲ್ದಾ ಬಚ್ಚಣ್ಣ?" ಎಂದ ಬಲೆ ಬಿಡುತ್ತಿದ್ದ ಮಂಜ.

"ಸ್ಟೇಶನ್ನಿನವರ್ ಗಂಜಿ ಉಣ್ತಾ ಇರ್ಕ್. ಇವತ್ತ್ ಸುದ್ದಿ ಇಲ್ಲೆ ಕಾಣತ್ತ್."

ಮಧ್ಯಾಹ್ನಕ್ಕೆ ಪಡುವಣದಲ್ಲಿ ಮೋಡ ಕವಿಯಿತು. ಬೇರೆ ದೋಣಿಗಳು ತಿರುಗಿದವು. ಮಂಜನೂ ಹೋಗೋಣವೆಂದ. ಬಚ್ಚ ಒಪ್ಪಲಿಲ್ಲ.

"ಗಾಳಿ ಬಪ್ಪುದಾದ್ರೆ ರೇಡಿಯೋ ಹೇಳ್ತಿರ್ಲಿಲ್ಯಾ? ಇನ್ನೊಂದ್ ಬಲೆ ಬಿಡ್."

ಅದೇ ಹೊತ್ತಿಗೆ ದಡದಲ್ಲಿ ನಡೆದದ್ದನ್ನು ನಾನು ಆಮೇಲೆ ಕೇಳಿದೆ. ಪಕ್ಕದ ಮನೆಯ ಲಚ್ಚಿ ಓಡಿಬಂದಳಂತೆ. "ಅಕ್ಕಣಿ, ದೊಡ್ಡ ಗಾಳಿ ಬತ್ತ್ ಅಂಬ್ರ್! ನಿನ್ನ ತಮ್ಮ ಬರ್ಲಿಲ್ಲೆ ಅಲ್ದನೇ?"

"ಅವ್ನ ಹತ್ರ ರೇಡಿಯೋ ಇತ್ತ್. ತೂತು ಹೊಡ್ದದ್ದ್ ನಾನೇ. ಕೇಳಿರ್ತ, ಬತ್ತ." ಹೀಗೆಂದು ಅಕ್ಕಣಿ ಮೀನು ಮಗುಚತೊಡಗಿದಳು. ಒಂದೊಂದೇ ದೋಣಿ ಬಂತು, ಬಚ್ಚನದು ಬರಲಿಲ್ಲ. ಅವಳು ಅದೇ ನಾಲ್ಕು ಮೀನನ್ನು ಮತ್ತೆ ಮತ್ತೆ ಮಗುಚುತ್ತಿದ್ದಳೆಂದು ಲಚ್ಚಿ ಹೇಳಿದಳು.

ದೋಣಿಯಲ್ಲಿ ಬಚ್ಚನಿಗೆ ಬೀಡಿಯ ಚಪಲ ಬಂತು. ಮುಚ್ಚಳ ತೆಗೆದ.

ನನ್ನ ಪಾಲಿನ ಅಲೆ ಒಮ್ಮೆಲೇ ನನ್ನ ಮೇಲೆ ಬಿತ್ತು. ಮೊದಲು ಚರ್ ಚರ್ ಎಂದೆ. ಅದು ದೂರದ ಮಿಂಚು. ಮಿಂಚು ಬರಿಯ ಬೆಳಕಲ್ಲ, ನನಗೆ ಕೇಳುವ ಅಲೆಯನ್ನೂ ಎಸೆಯುತ್ತದೆ. ಗುಡುಗು ಹಿಂದಿನಿಂದ ನಿಧಾನವಾಗಿ ಬರುತ್ತದೆ. ಚರಚರದ ನಡುವೆ ಯಾರೋ ಮಾತಾಡಿದಂತಾಯಿತು. ಬಚ್ಚ ನನ್ನನ್ನು ಎತ್ತಿ ಅತ್ತಿತ್ತ ತಿರುಗಿಸಿದ. ನನ್ನ ಕಡ್ಡಿಯ ತುದಿ ಸ್ಟೇಶನ್ನಿನ ಕಡೆಗಿದ್ದರೆ ನಾನು ಅರೆಕಿವುಡ. ಅಡ್ಡಕ್ಕೆ ತಿರುಗಿದ್ದೇ ತಡ, ಮಾತು ಸ್ಪಷ್ಟವಾಯಿತು: "...ಕಡಲಿಗೆ ಇಳಿದವರು ಕೂಡಲೇ ದಡಕ್ಕೆ ಮರಳಬೇಕು."

ಬೀಡಿ ಬಚ್ಚನ ಕೈಯಿಂದ ನೀರಿಗೆ ಬಿತ್ತು. "ಬಲೆ ಕಡಿ, ಮಂಜಾ!"

ಹೊಸ ಬಲೆ ಹೋಯಿತು. ದೋಣಿ ಹೊಳೆ ಕಡಲು ಸೇರುವ ಅಳಿವೆಯ ಬಾಯಿಗೆ ಬರುವಾಗ ಗಾಳಿ ಬೆನ್ನಿಗೆ ಬಡಿಯುತ್ತಿತ್ತು. ಅಕ್ಕಣಿ ಸೊಂಟದ ಮಟ್ಟದ ನೀರಿನಲ್ಲಿ ನಿಂತಿದ್ದಳು.

"ಕಿವಿ ಇಲ್ಯಾ ನಿಂಗೆ? ಮಧ್ಯಾಹ್ನವೇ ಹೇಳಿದ್ದಲ್ದಾ?"

"ಮುಚ್ಚಳ ತೆಗ್ದ ಮೇಲೇ ಅದ್ ಮಾತಾಡದ್ದ್, ಅಕ್ಕಾ. ಬೀಡಿ ಬೇಕಾಯ್ತ್, ತೆಗ್ದೆ."

ಮನೆಯಲ್ಲಿ ಅಕ್ಕಣಿ ಮುಚ್ಚಳ ಹಾಕಿದಳು, ನಾನು ಉಸ್ಸೆಂದೆ. ತೆಗೆದಳು, ಮಾತಾಡಿದೆ. ಮತ್ತೆ ಹಾಕಿದಳು, ಮತ್ತೆ ತೆಗೆದಳು. ತೂತುಗಳ ಮೇಲೆ ಬೆರಳಾಡಿಸುತ್ತ ಸುಮಾರು ಹೊತ್ತು ಕೂತಿದ್ದಳು. ಬೆಳಗಾದ ಮೇಲೆ ಹಳೆಯ ಕೊಡೆಯ ಬಟ್ಟೆ ಬಿಚ್ಚಿ ನನಗೊಂದು ಚೀಲ ಹೊಲಿದಳು. ಅದಕ್ಕೆ ಬೀಡಿಗೆಂದು ಒಂದು ಪುಟ್ಟ ಜೇಬನ್ನೂ ಇಟ್ಟಳು.

ಆ ಚೀಲದಲ್ಲಿ ಎಷ್ಟೋ ವರ್ಷ ಕಡಲು ಸುತ್ತಿದೆ. ಆಮೇಲೆ ಎಲ್ಲರ ಜೇಬಿಗೂ ಮೊಬೈಲ್ ಬಂತು. ಅದೂ ನಮ್ಮ ಬಳಗದ್ದೇ, ಅಲೆ ಗಿಡ್ಡ ಅಷ್ಟೆ. ನನ್ನ ಬ್ಯಾಟರಿ ಶೆಲ್ಲು ತೆಗೆದರು. ಉಪ್ಪುಗಾಳಿ ತಾಗದಿರಲೆಂದು ಅಕ್ಕಣಿ ನನ್ನನ್ನು ಅದೇ ಡಬ್ಬಿಯಲ್ಲಿ ಮಲಗಿಸಿ ಅಟ್ಟಕ್ಕೆ ಇಟ್ಟಳು. ಕೆಲಸವಿಲ್ಲದವನಿಗೆ ಮೌನ ಒಳ್ಳೆಯದೆಂದುಕೊಂಡೆ.

ಆದರೆ ಡಾಕ್ಟರು ಬಚ್ಚನಿಗೆ ಬೀಡಿ ಬಿಡಲು ಹೇಳಿದ್ದಾರೆ. ಅವನು ಬೀಡಿಕಟ್ಟು ಬಚ್ಚಿಡುವುದು ನನ್ನ ಪಕ್ಕದಲ್ಲೇ. ಅಕ್ಕಣಿಗೆ ಇದು ಗೊತ್ತು. ಊರೆಲ್ಲ ಕೇಳುವಂತೆ ಬೈಯುತ್ತಾಳೆ, ಡಬ್ಬಿಯನ್ನು ಮಾತ್ರ ಮುಟ್ಟುವುದಿಲ್ಲ.

ಅವನು ಮುಚ್ಚಳ ತೆಗೆದಾಗಲೆಲ್ಲ ಅಲೆ ಒಳಗೆ ನುಗ್ಗುತ್ತದೆ. ಶೆಲ್ಲಿಲ್ಲದ ನನಗೆ ಬಾಯಿಲ್ಲ. ಆದರೂ ಕಪ್ಪು ಕಡ್ಡಿಯ ಸುತ್ತ ತಾಮ್ರದ ತಂತಿ ಒಂದಿಷ್ಟು ಮಿಡಿಯುತ್ತದೆ. ಒಂದು ಬೀಡಿ ತೆಗೆಯುವಷ್ಟು ಹೊತ್ತು ನಾನು ಕೇಳಿಸಿಕೊಳ್ಳುತ್ತೇನೆ. ಆಮೇಲೆ ಅವನು ಮುಚ್ಚುತ್ತಾನೆ.