ತೋಳಿನ ಮೇಲಿನ ಕಿತ್ತಳೆ ಚುಕ್ಕಿ

ಮಾರ್ನ್ ನದಿಯ ದಂಡೆಯಲ್ಲಿ ನಮ್ಮದೊಂದು ಹೋಟೆಲು. ಭಾನುವಾರ ಪ್ಯಾರಿಸಿನ ಜನ ದೋಣಿಯಾಟಕ್ಕೆ ಬಂದರೆ, ಕರಿದ ಮೀನು, ವೈನು ಬಡಿಸುವುದರಲ್ಲಿ ನನಗೆ ಉಸಿರಾಡಲೂ ಪುರುಸೊತ್ತಿರುವುದಿಲ್ಲ. ನನ್ನ ಗಂಡ ಬಜೀಲ್ ಮಾತ್ರ ಗಾಳದ ಕೋಲು ಹೆಗಲಿಗೇರಿಸಿಕೊಂಡು ದ್ವೀಪದ ಕಡೆ ಹೊರಡುತ್ತಾನೆ. ಸಂಜೆ ನೋಡಿದರೆ ಬುಟ್ಟಿ ಖಾಲಿ, ಮುಖ ಮಾತ್ರ ಅರಳಿರುತ್ತದೆ.

ಅದೇ ದ್ವೀಪದಲ್ಲಿ ಚಿತ್ರ ಬರೆಯುತ್ತಿದ್ದ ಗೊಂಟ್ರಾನ್ ಎಂಬುವನು ತನ್ನ ಕ್ಯಾನ್ವಾಸನ್ನು ನಮ್ಮ ಹಿಂದಿನ ಕೋಣೆಯಲ್ಲಿಟ್ಟು ಹೋಗುತ್ತಿದ್ದ. ಒಂದು ದಿನ ಮುಸುಕು ತೆಗೆದು ನೋಡಿದೆ. ಹತ್ತಿರದಿಂದ ಬರೀ ಚುಕ್ಕಿ, ಯಾರೋ ಬಣ್ಣದ ಸಾಸಿವೆ ಚೆಲ್ಲಿದ ಹಾಗೆ. ಬಾಗಿಲವರೆಗೆ ಹಿಂದೆ ಸರಿದೆ. ಚುಕ್ಕಿಗಳು ಕೂಡಿಕೊಂಡು ಹುಲ್ಲಾದವು, ನೀರಾದವು, ಗಾಳ ಹಿಡಿದ ನನ್ನ ಗಂಡನೂ ಆದವು. ಅವನಿಗೆ ಒತ್ತಿಕೊಂಡೇ ಒಬ್ಬ ಹೆಂಗಸು ಕಿತ್ತಳೆ ಬಣ್ಣದ ಕೊಡೆ ಹಿಡಿದು ಕೂತಿದ್ದಳು. ನನ್ನ ಹೊಟ್ಟೆ ಉರಿದುಹೋಯಿತು.

ಊಟಕ್ಕೆ ಕೂತಾಗ ಕೇಳಿಯೇಬಿಟ್ಟೆ. "ಯಾರ್ರೀ ಅವಳು, ಆ ಚಿತ್ರದಲ್ಲಿ ನಿಮ್ಮ ಪಕ್ಕ ಕೂತಿರೋಳು?"

"ಯಾರೂ ಇಲ್ಲ ಕಣೇ. ನೀರಿನ ನೀಲಿ ಜಾಸ್ತಿ ಆಯ್ತಂತೆ. ಅದನ್ನ ಸರಿತೂಗಿಸೋಕೆ ಕಿತ್ತಳೆ ಬೇಕು ಅಂತ ಸುಮ್ನೆ ಒಂದು ಹೆಂಗಸನ್ನ ಬರೆದು ಕೂರಿಸಿದಾನೆ."

ಮನೆ ಬಾಗಿಲಿಗೆ ಯಾವ ಬಣ್ಣ ಎಂದರೆ 'ಏನೋ ಒಂದು ಬಳಿ' ಎನ್ನುವ ಮನುಷ್ಯ ಇವನು. ಈ ಪಾಠ ಯಾರು ಹೇಳಿಕೊಟ್ಟರು?

ಮರುದಿನ ಗೊಂಟ್ರಾನನನ್ನು ಚಿತ್ರದ ಮುಂದೆಯೇ ನಿಲ್ಲಿಸಿ ಕೇಳಿದೆ.

"ನೀರಿನ ನೀಲಿ ಜಾಸ್ತಿ ಆಗಿತ್ತು, ಮದಾಮ್. ಅದನ್ನ ಸರಿತೂಗಿಸೋಕೆ ಕಿತ್ತಳೆ ಬೇಕಿತ್ತು. ಅಂಥ ಹೆಂಗಸು ಅಲ್ಲಿರ್ಲೇ ಇಲ್ಲ."

ಅದೇ ಮಾತು, ಒಂದಕ್ಷರ ಆಚೀಚೆ ಇಲ್ಲ. ಇಬ್ಬರೂ ಸೇರಿ ನನ್ನ ಕಿವಿ ಮೇಲೆ ಹೂವಿಡುತ್ತಿದ್ದಾರೆ ಎನ್ನಿಸಿತು. ಮತ್ತೆ ಚಿತ್ರಕ್ಕೆ ಕಣ್ಣು ಹಚ್ಚಿದೆ. ಬಜೀಲನ ಬಿಳಿ ಅಂಗಿಯ ತೋಳಿನ ಮೇಲೂ ಸಣ್ಣ ಕಿತ್ತಳೆ ಚುಕ್ಕಿಗಳಿದ್ದವು.

"ಹಾಗಾದ್ರೆ ಇಲ್ಲಿ ನಿಮ್ಮ ಕುಂಚ ಜಾರಿದೆ, ಮಸ್ಯೂ. ಬಿಳಿ ಅಂಗಿಗೆಲ್ಲ ಕಿತ್ತಳೆ ಮೆತ್ತಿದೀರಿ. ಪಾಪ, ಕಣ್ಣು ಮಂಜಾಗಿರ್ಬೇಕು."

ಅವನ ಮೀಸೆ ಅದುರಿತು. "ಜಾರೋದಾ? ನನ್ನ ಕುಂಚವಾ? ಬಿಸಿಲು ಆ ಕೊಡೆ ತೂರಿ ತೋಳಿನ ಮೇಲೆ ಬೀಳ್ತಿತ್ತು! ಭಾನುವಾರ ಭಾನುವಾರ ಎದುರಿಗೇ ಕೂತು, ಕಣ್ಣಾರೆ ಕಂಡು ಇಟ್ಟ ಚುಕ್ಕಿ ಅದು!"

ಅಷ್ಟು ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ.

ಮುಂದಿನ ಭಾನುವಾರ ಬಜೀಲ್ ಕೋಲು ಹೆಗಲಿಗೇರಿಸಿದಾಗ ನಾನೂ ಏಪ್ರನ್ ಬಿಚ್ಚಿಟ್ಟೆ.

"ನೀನೆಲ್ಲಿಗೆ? ಬಿಸಿಲು ಉರೀತಿದೆ, ನಿನ್ಹತ್ರ ಕೊಡೆನೂ ಇಲ್ಲ."

"ಅಲ್ಲೊಂದು ಇದ್ಯಲ್ರೀ. ಇಬ್ರಿಗೆ ನೆರಳು ಕೊಟ್ಟಿದ್ದು ಮೂವರಿಗೆ ಕೊಡಲ್ವಾ?"

ಕೋಲು ಅವನ ಹೆಗಲಿಂದ ಜಾರಿ ಬಿತ್ತು. ನಾನೇ ಅದನ್ನೆತ್ತಿ ಹೆಗಲಿಗೇರಿಸಿಕೊಂಡು ದ್ವೀಪದ ಕಡೆ ಹೊರಟೆ.